ಮೂರು ರಾಯರ ಗಂಡ ಅಂದರೆ ಯಾರ ಗಂಡ?

ನನ್ನ ಅಕ್ಕನ ಮಗಳು ಏಳನೇ ಕ್ಲಾಸು. ಮನೆ ಜಯನಗರದಲ್ಲಿ, ಸ್ಕೂಲು ಇಂಗ್ಲಿಷ್ ಮೀಡಿಯಂ. ಪರೀಕ್ಷೆಗೆ ಓದುತ್ತಾ ಕೂತಿದ್ದವಳು ಒಂದು ಸಂಜೆ ತಲೆ ಎತ್ತಿ ಕೇಳಿದಳು: "ಮಾಮ, ವಿಜಯನಗರದ ರಾಜರಿಗೆ ಮೂರು ರಾಯರ ಗಂಡ ಅಂತ ಬಿರುದು ಇತ್ತಂತೆ. ಮೂರು ಜನ ರಾಜರನ್ನ ಮದುವೆ ಆಗಿದ್ರಾ?"

ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಜೋರಾಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಉತ್ತರ ಹೇಳೋಣ ಅಂತ ಬಾಯಿ ತೆರೆದರೆ ಸರಿಯಾದ ಮಾತೇ ಬರಲಿಲ್ಲ. "ಹಾಗಲ್ಲ ಪುಟ್ಟಿ, ಇಲ್ಲಿ ಗಂಡ ಅಂದ್ರೆ ವೀರ" ಅಂದೆ. "ಹಾಗಾದ್ರೆ ಮೂರು ರಾಯರ ವೀರ ಅಂದ್ರೆ ಏನು?" ಅಂದಳು. ಸಿಕ್ಕಿಬಿದ್ದೆ.

ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಈಗಿನ ಕನ್ನಡದಲ್ಲಿ ಗಂಡ ಅಂದರೆ ಮದುವೆಯಾದವನು, ಅಷ್ಟೇ. ಗಂಡು ಅಂದರೆ ಕಲ್ಯಾಣ ಮಂಟಪದ ಬಾಗಿಲಲ್ಲಿ "ನೀವು ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ" ಎಂದು ಕೇಳುವಾಗಿನ ಗಂಡು. ಆದರೆ ಗಂಡುಗಲಿ, ಗಂಡೆದೆ, ಗಂಡು ಮೆಟ್ಟಿದ ನಾಡು ಎಂದಾಗ ಅದೇ ಪದ ಬೇರೆ ದನಿಯಲ್ಲಿ ಮಾತಾಡುತ್ತದೆ. ಅಲ್ಲಿ ಮದುವೆಯೂ ಇಲ್ಲ, ಮೀಸೆಯೂ ಇಲ್ಲ. ಅಲ್ಲಿರುವುದು ಒಂದು ಗುಣ. ಆ ಗುಣ ಯಾವುದು ಎಂದು ಹುಡುಕಿಕೊಂಡು ಹೊರಟರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಬಿರುದಿನ ಲೆಕ್ಕ ಮುಗಿಸೋಣ. ಹಳೆಯ ಶಾಸನಗಳಲ್ಲಿ "ಇಂಥವರ ಗಂಡ" ಎಂಬುದು ಒಂದು ಅಚ್ಚು. ಇಂಥವರನ್ನು ಮಣಿಸಿದವನು, ಇಂಥವರ ಎದುರು ಕೈ ಮೇಲಾದವನು ಎಂದು ಅದರ ಅರ್ಥ. ಮೂರು ರಾಯರ ಗಂಡ ಎಂದರೆ ಮೂವರು ರಾಜರನ್ನು ತಗ್ಗಿಸಿದವನು. ಆ ಮೂವರು ಯಾರು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ವಿವರಣೆ ಕೊಡುತ್ತಾರೆ, ಅದು ಇಲ್ಲಿ ಬೇಡ. ಮೈಸೂರು ಒಡೆಯರಿಗೆ "ಬಿರುದೆಂತೆಂಬರ ಗಂಡ" ಎಂಬ ಬಿರುದಿತ್ತು. ನಮಗೆ ಅಂಥ ಬಿರುದಿದೆ, ಇಂಥ ಬಿರುದಿದೆ ಎಂದು ಕೊಚ್ಚಿಕೊಳ್ಳುವವರ ಸೊಕ್ಕು ಇಳಿಸುವವನು ಎಂದು ಅರ್ಥ. ಬಿರುದು ಹೇಳಿಕೊಳ್ಳುವವರನ್ನು ಆಡಿಕೊಳ್ಳುವುದಕ್ಕೇ ಒಂದು ಬಿರುದು! ನಮ್ಮ ಹಿರಿಯರಿಗೆ ತಮಾಷೆ ಗೊತ್ತಿರಲಿಲ್ಲ ಎಂದು ಯಾರು ಹೇಳಿದ್ದು?

ಹೊಯ್ಸಳರದ್ದು ಸ್ವಲ್ಪ ಬೇರೆ. ಅವರ ಬಿರುದು "ಮಲೆಪರೊಳ್ ಗಂಡ". ಮಲೆಪರು ಎಂದರೆ ಮಲೆನಾಡಿನ ಪಾಳೆಯಗಾರರಂಥ ಒಡೆಯರು. ಇಲ್ಲಿ "ಮಲೆಪರ ಗಂಡ" ಎಂದಿಲ್ಲ, "ಮಲೆಪರೊಳ್" ಎಂದಿದೆ. ಅಂದರೆ ಮಲೆಪರ ನಡುವೆ ಗಂಡ ಎನಿಸಿಕೊಂಡವನು. ಮಲೆಪರೆಲ್ಲರೂ ಗಂಡಸರೇ ಅಲ್ವಾ? ಆದರೂ ಅವರೊಳಗೆ ಒಬ್ಬ ಮಾತ್ರ ಗಂಡ. ಹುಟ್ಟಿನಿಂದ ಗಂಡಾಗಿರುವುದು ಬೇರೆ, ಗಂಡ ಎನಿಸಿಕೊಳ್ಳುವುದು ಬೇರೆ ಎಂಬುದನ್ನು ಈ "ಒಳ್" ಒಂದೇ ತೋರಿಸಿಬಿಡುತ್ತದೆ.

ಇದಕ್ಕಿಂತ ಚೆನ್ನಾದ ಸಾಕ್ಷಿ ಪಂಪನಲ್ಲಿದೆ. 941ರಲ್ಲಿ ಬರೆದ ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ, ಭಾರತದ ಕಥೆಯಲ್ಲಿ ಯಾರು ಯಾವುದರಲ್ಲಿ ದೊಡ್ಡವರು ಎಂದು ಅವನು ಒಂದು ಪಟ್ಟಿ ಕೊಡುತ್ತಾನೆ. "ಚಲದೊಳ್ ದುರ್ಯೋಧನಂ, ನನ್ನಿಯೊಳಿನತನಯಂ, ಗಂಡಿನೊಳ್ ಭೀಮಸೇನಂ, ಬಲದೊಳ್ ಮದ್ರೇಶಂ" ಎಂದು ಅದು ಸಾಗುತ್ತದೆ. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಸೂರ್ಯನ ಮಗ ಕರ್ಣ, ಗಂಡಿಗೆ ಭೀಮ, ಬಲಕ್ಕೆ ಶಲ್ಯ. ಮುಂದೆ ಸಾಹಸಕ್ಕೆ ಅರ್ಜುನ, ಧರ್ಮಕ್ಕೆ ಧರ್ಮರಾಯ.

ಈ ಸಾಲು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅರ್ಥ ಆಗಿದ್ದು ಈಗ. ಇಲ್ಲಿ ಗಂಡು ಎಂಬುದು ಮನುಷ್ಯನ ಹೆಸರಲ್ಲ, ಗುಣದ ಹೆಸರು. ಅದೂ ಎಂಥ ಗುಣ? ಬರೀ ಮೈಬಲ ಅಲ್ಲ, ಏಕೆಂದರೆ ಬಲವನ್ನು ಪಂಪ ಬೇರೆಯಾಗಿ ಎತ್ತಿ ಶಲ್ಯನಿಗೆ ಕೊಟ್ಟಿದ್ದಾನೆ. ಗದೆ ಹಿಡಿದ ಭೀಮನಿಗೆ ಬಲ ಕೊಡದೆ ಗಂಡು ಕೊಟ್ಟಿದ್ದಾನೆ. ಹಟವೂ ಅಲ್ಲ, ಅದು ದುರ್ಯೋಧನನ ಪಾಲು. ಸಾಹಸವೂ ಅಲ್ಲ. ಇವನ್ನೆಲ್ಲ ಕಳೆದರೆ ಏನು ಉಳಿಯುತ್ತದೆ? ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವಮಾನ ಆದಾಗ ಎದ್ದು ನಿಂತು ಪ್ರತಿಜ್ಞೆ ಮಾಡಿದವನು, ಮಾಡಿದ್ದನ್ನು ಯುದ್ಧದಲ್ಲಿ ತೀರಿಸಿದವನು ಭೀಮ. ಎದುರಿಗೆ ಯಾರೇ ಇರಲಿ, ಎದ್ದು ನಿಲ್ಲುವುದು. ಆಡಿದ್ದನ್ನು ನಡೆಸುವುದು. ಗಂಡು ಎಂದರೆ ಅದೇ ಇರಬೇಕು ಎಂದು ನನಗೆ ಅನಿಸುತ್ತದೆ.

ಆಡಿದ ಮಾತಿಗೂ ಗಂಡಿಗೂ ನಂಟು ಇರುವುದು ಶಾಸನಗಳಲ್ಲೂ ಕಾಣುತ್ತದೆ. ಬುಕ್ಕರಾಯನ ಬಿರುದುಗಳಲ್ಲಿ ಒಂದು "ಭಾಷೆಗೆ ತಪ್ಪುವ ರಾಯರ ಗಂಡ". ಜೈನರಿಗೂ ವೈಷ್ಣವರಿಗೂ ಜಗಳವಾದಾಗ ಅವನು ರಾಜಿ ಮಾಡಿಸಿದ, ಅದನ್ನು ಹೇಳುವ 1368ರ ಶ್ರವಣಬೆಳಗೊಳದ ಶಾಸನದಲ್ಲಿ ಈ ಬಿರುದು ಇದೆ. ಭಾಷೆ ಎಂದರೆ ಇಲ್ಲಿ ಕನ್ನಡ, ತೆಲುಗು ಅಲ್ಲ, ಕೊಟ್ಟ ಮಾತು. ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ದಾರಿಗೆ ತರುವವನು ಎಂದು ಅದರ ಅರ್ಥ. ಎರಡು ಮತದವರ ನಡುವೆ ಮಾತು ಕೊಡಿಸುವ ಶಾಸನಕ್ಕೆ ಇದಕ್ಕಿಂತ ಹೊಂದುವ ಬಿರುದು ಬೇರೆ ಸಿಗುತ್ತಿರಲಿಲ್ಲ.

ಎದ್ದು ನಿಲ್ಲುವುದನ್ನು ಕಣ್ಣಿಂದಲೇ ನೋಡಬೇಕೆಂದರೆ ಬೆಂಗಳೂರಿನಿಂದ ಹೊರಗೆ ಹೋಗಬೇಕಾಗಿಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಬೇಗೂರಿನ ವೀರಗಲ್ಲು ಇದೆ. ಸುಮಾರು 1100 ವರ್ಷ ಹಳೆಯದು, ಗಂಗರ ಕಾಲದ್ದು. ಗಂಗ ಅರಸ ಎರೆಯಪ್ಪ ತನ್ನ ಕಡೆಯ ನಾಗತ್ತರನನ್ನು ವೀರಮಹೇಂದ್ರನ ಮೇಲೆ ಯುದ್ಧಕ್ಕೆ ಕಳಿಸುತ್ತಾನೆ. ತುಂಬೆಪಾಡಿ ಎಂಬಲ್ಲಿ ನಾಗತ್ತರ ಕಾದಿ ಸಾಯುತ್ತಾನೆ. ಅವನ ಪಟ್ಟ ಇರುಗನಿಗೆ ಹೋಗುತ್ತದೆ, ಜೊತೆಗೆ ಬೆಂಪೂರು ಹನ್ನೆರಡು, ಅಂದರೆ ಬೇಗೂರು ಸೇರಿದ ಹನ್ನೆರಡು ಹಳ್ಳಿ. ಕಲ್ಲಿನ ತುಂಬ ಆನೆ, ಕುದುರೆ, ಕತ್ತಿ, ಬಿದ್ದವರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಷ್ಟೇ ಕಿಕ್ಕಿರಿದಿದೆ. ಬೇಗೂರಿನಲ್ಲೇ ಇರುವ ಇನ್ನೊಂದು ಕಲ್ಲು "ಬೆಂಗಳೂರು ಕಾಳಗ"ದ ಮಾತಾಡುತ್ತದೆ, ಊರಿನ ಹೆಸರು ಅಷ್ಟು ಹಳೆಯದು ಎಂದು ನಮಗೆ ಗೊತ್ತಾಗಿದ್ದೇ ಅದರಿಂದ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಇವಕ್ಕಿಂತ ಹಳೆಯದು, ಸುಮಾರು 750ರದು.

ವೀರಗಲ್ಲುಗಳಲ್ಲಿ ಸಾವಿಗೆ ಕೆಲವು ಕಾರಣಗಳು ಮತ್ತೆ ಮತ್ತೆ ಬರುತ್ತವೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೊಡೆದಾಟ. ಊರಳಿವು ಎಂದರೆ ಊರನ್ನು ಹಾಳುಮಾಡಲು ಬಂದಾಗಿನ ಕಾಳಗ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೇಲೆ ಕೈ ಮಾಡಿದಾಗ ಎದ್ದ ಕೂಗಿಗೆ ಓಡಿದ್ದು. ಹೊಸ ರಾಜ್ಯ ಗೆಲ್ಲಲು ಹೋದವರಿಗಿಂತ, ಮನೆಬಾಗಿಲಿಗೆ ಬಂದ ಕಷ್ಟಕ್ಕೆ ಅಡ್ಡ ನಿಂತವರೇ ಹಳ್ಳಿಹಳ್ಳಿಯ ಕಲ್ಲುಗಳಲ್ಲಿ ಜಾಸ್ತಿ. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಅರಸರಲ್ಲ. ಹೊಲ, ದನ ಇದ್ದ ಸಾಮಾನ್ಯ ಜನ.

ಇನ್ನು ಗಂಡುಗಲಿ. ಗಂಡು ಮತ್ತು ಕಲಿ ಸೇರಿ ಆದ ಪದ. ಸಮಾಸದಲ್ಲಿ ಕಕಾರ ಗಕಾರ ಆಗಿದೆ, ಗಂಡುಗಚ್ಚೆ, ಗಂಡುಗೊಡಲಿಯಲ್ಲಿ ಆದ ಹಾಗೇ. ಕಲಿ ಎಂದರೂ ವೀರನೇ. ಕಲಿಯುಗದ ಕಲಿ ಬೇರೆ, ಅದು ಸಂಸ್ಕೃತದ್ದು. ಈ ಬಿರುದು ಯಾರಿಗೆ ಅಂಟಿಕೊಂಡಿದೆ ಎಂದರೆ ಕಂಪಿಲಿಯ ಕುಮಾರರಾಮನಿಗೆ. 14ನೆಯ ಶತಮಾನದ ಮೊದಲ ಭಾಗದಲ್ಲಿ ದೆಹಲಿಯ ಸೈನ್ಯದ ಎದುರು ಹೋರಾಡಿ ಸತ್ತವನು. ಅವನಿಗೆ ಇನ್ನೊಂದು ಬಿರುದೂ ಇದೆ, ಅದನ್ನು ಈಗ ಯಾರೂ ಜಾಸ್ತಿ ಹೇಳುವುದಿಲ್ಲ: "ಪರನಾರೀ ಸಹೋದರ". ಬೇರೆ ಹೆಂಗಸರಿಗೆ ಒಡಹುಟ್ಟಿದವನು ಎಂದು. ಮಲತಾಯಿ ರತ್ನಾಜಿ ಅವನನ್ನು ಬಯಸಿದಾಗ ಅವನು ಒಪ್ಪಲಿಲ್ಲ, ಅದಕ್ಕಾಗಿ ಜೀವಕ್ಕೇ ಸಂಚಕಾರ ತಂದುಕೊಂಡ ಎಂದು ಕಥೆ. ಕತ್ತಿ ಬೀಸುವುದು ಎಷ್ಟು ಗಂಡುಗಲಿತನವೋ, ತನ್ನನ್ನು ತಾನು ಹಿಡಿದುಕೊಳ್ಳುವುದೂ ಅಷ್ಟೇ ಗಂಡುಗಲಿತನ ಎಂದು ಜನ ಅವನನ್ನು ನೆನೆದರು. ನಾವು ಮೊದಲನೆಯ ಬಿರುದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟೆವು.

ಪದ ಎಲ್ಲಿಂದ ಬಂತು ಎಂಬುದು ಇನ್ನೊಂದು ಕುತೂಹಲ. ಗಂಡು ಅಪ್ಪಟ ನಮ್ಮದೇ, ಅಂದರೆ ದ್ರಾವಿಡ ಪದ. ಅಕ್ಕಪಕ್ಕದ ಭಾಷೆಗಳಲ್ಲಿ ಅದರ ನೆಂಟರು ಸಿಗುತ್ತಾರೆ. ತುಳುವಿನಲ್ಲಿ ಗಂಡನಿಗೆ ಕಂಡನಿ. ತಮಿಳಿನ ಹಳೆಯ ಪದ ಕಂಡನ್, ಅರ್ಥ ವೀರ, ಗಂಡ ಎರಡೂ. 10ನೆಯ ಶತಮಾನದ ಚೋಳ ರಾಜನೊಬ್ಬನ ಹೆಸರು ಗಂಡರಾದಿತ್ಯ, ಗಂಡರಲ್ಲಿ ಸೂರ್ಯನಂಥವನು. ಇಷ್ಟೆಲ್ಲ ವೀರರ ನಡುವೆ ಮಲಯಾಳಂ ಮತ್ತು ತೆಲುಗು ಇಬ್ಬರೂ ಬೆಕ್ಕಿನ ಕಡೆ ತಿರುಗಿದ್ದಾರೆ. ಗಂಡುಬೆಕ್ಕಿಗೆ ಮಲಯಾಳಂನಲ್ಲಿ ಕಂಡನ್ ಪೂಚ್ಚ, ತೆಲುಗಿನಲ್ಲಿ ಗಂಡುಪಿಲ್ಲಿ. ರಾತ್ರಿ ಮಾಳಿಗೆ ಮೇಲೆ ಜಗಳ ಆಡುವ ಬೆಕ್ಕುಗಳನ್ನು ಕೇಳಿದವರಿಗೆ ಯಾಕೆ ಎಂದು ಹೇಳಬೇಕಾಗಿಲ್ಲ.

ಕಂಡನಿ, ಕಂಡನ್ ಎಂದು ಅಲ್ಲಿ ಕ, ನಮ್ಮಲ್ಲಿ ಗ ಯಾಕೆ? ತೀರಾ ಹಳೆಯ ದ್ರಾವಿಡದಲ್ಲಿ ಪದದ ಮೊದಲಿಗೆ ಗ ಬರುತ್ತಿರಲಿಲ್ಲ, ಕ ಮಾತ್ರ ಇತ್ತು ಎನ್ನುತ್ತಾರೆ ಭಾಷಾ ವಿದ್ವಾಂಸರು. ಕನ್ನಡ, ತೆಲುಗಿನಲ್ಲಿ ಎಷ್ಟೋ ಪದಗಳಿಗೆ ಅದು ಆಮೇಲೆ ಗ ಆಯಿತು. ತಮಿಳರ ಕೂಡು ನಮ್ಮ ಗೂಡು ಆದ ಹಾಗೆ.

ಗಂಡಿಗಿಂತ ಹಳೆಯದಾಗಿ ಕಾಣುವ ಇನ್ನೊಂದು ಪದವೂ ನಮ್ಮಲ್ಲಿತ್ತು: ಆಣ್. ತಮಿಳಿನಲ್ಲಿ ಗಂಡಿಗೆ ಇವತ್ತಿಗೂ ಆಣ್, ಗಂಡಸ್ತನಕ್ಕೆ ಆಣ್ಮೈ. ಹಳಗನ್ನಡದಲ್ಲಿ ಆಣ್ಮ ಎಂದರೆ ಒಡೆಯ, ಗಂಡ. ಅದು ನಮ್ಮ ಬಾಯಿಂದ ಪೂರ್ತಿ ಬಿದ್ದುಹೋಯಿತು. ತೆಲುಗಿನವರಿಗೆ ಈ ಕೆಲಸಕ್ಕೆ ಮಗ ಎಂಬ ಪದ ಇದೆ. ಅಲ್ಲಿ ಮಗಾಡು ಎಂದರೆ ಧೈರ್ಯವಂತ ಗಂಡಸು, ಮೊಗುಡು ಎಂದರೆ ಗಂಡ. ನಮ್ಮಲ್ಲಿ ಅದೇ ಮಗ ಮನೆಯ ಮಗ ಆದ, ಬೆಂಗಳೂರಿನಲ್ಲಂತೂ "ಏನ್ ಮಗಾ" ಎಂದು ಕಾಲೇಜು ಕ್ಯಾಂಟೀನಿಗೆ ಬಂದ.

ಇಲ್ಲೊಂದು ಎಚ್ಚರ ಬೇಕು. ಸಂಸ್ಕೃತದಲ್ಲೂ ಗಂಡ ಎಂಬ ಪದ ಇದೆ. ಅರ್ಥ ಕೆನ್ನೆ, ಗಡ್ಡೆ. ಆನೆಯ ಗಂಡಸ್ಥಲ, ಕತ್ತಿನ ಗಂಡಮಾಲೆ ಆ ಕಡೆಯವು. ಗಂಡಾಂತರವೂ ಸಂಸ್ಕೃತದ ಕಡೆಯದೇ. ಮದುವೆಮನೆಯಲ್ಲಿ "ಗಂಡ ಬಂದ ಮೇಲೆ ಗಂಡಾಂತರ" ಎಂದು ಜೋಕ್ ಹೊಡೆಯುವವರು ಹೊಡೆಯಲಿ, ಪದಗಳಿಗೆ ಮಾತ್ರ ಸಂಬಂಧ ಇಲ್ಲ. ಇನ್ನು ಆಫೀಸಿನಲ್ಲಿ ಉತ್ತರದ ಕಡೆಯ ಸಹೋದ್ಯೋಗಿಗಳ ಮುಂದೆ "ಅವರಿಗೆ ಗಂಡು ಮಗು" ಎಂದು ಫೋನಿನಲ್ಲಿ ಹೇಳಿ ನೋಡಿ. ಹಿಂದಿಯ ಒಂದು ಬೈಗುಳ ಕಿವಿಗೆ ಬಿದ್ದಂತೆ ಬೆಚ್ಚಿ ತಿರುಗುತ್ತಾರೆ. ಅದಕ್ಕೂ ಇದಕ್ಕೂ ಏನೂ ನಂಟಿಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ನಂಬುವುದಿಲ್ಲ.

ಗಂಡಭೇರುಂಡದ ವಿಷಯ ಮಾತ್ರ ಬೇರೆ. ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿ ಅದು, ವಿಧಾನಸೌಧದಿಂದ ಬರುವ ಪ್ರತಿ ಕಾಗದದ ಮೇಲೂ ಇರುತ್ತದೆ. ಭೇರುಂಡ ಸಂಸ್ಕೃತದ್ದು, ಭಯಂಕರ ಎಂದು ಅರ್ಥ, ಒಂದು ಹಕ್ಕಿಗೂ ಅದೇ ಹೆಸರು. ಮುಂದಿರುವ ಗಂಡ ನಮ್ಮ ವೀರ ಗಂಡನೇ ಎಂದು ಓದುವವರು ಬಹಳ ಮಂದಿ, ನನಗೂ ಅದೇ ಸರಿ ಅನಿಸುತ್ತದೆ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ ಇಂದಿಗೂ ಇದೆ.

ಸಂಸ್ಕೃತ ಬಂತಲ್ಲ, ಪೌರುಷವನ್ನೂ ನೋಡಿಬಿಡೋಣ. ಕುರುವಿನಿಂದ ಕೌರವ, ಕುಂತಿಯಿಂದ ಕೌಂತೇಯ ಆದಂತೆ ಪುರುಷನಿಂದ ಪೌರುಷ. ಆದರೆ ಪುರುಷ ಎಂದರೆ ಅಲ್ಲಿ ಬರೀ ಗಂಡಸಲ್ಲ, ಮನುಷ್ಯ ಎಂದೂ ಆಗುತ್ತದೆ. ವೇದ ಅಪೌರುಷೇಯ ಎನ್ನುವಾಗ, ಅದನ್ನು ಗಂಡಸರು ಬರೆದಿಲ್ಲ ಎಂದಲ್ಲ, ಮನುಷ್ಯರು ಮಾಡಿದ್ದಲ್ಲ ಎಂದು ಅರ್ಥ. ದೈವ ದೊಡ್ಡದೋ ಪೌರುಷ ದೊಡ್ಡದೋ ಎಂಬ ಹಳೆಯ ವಾದದಲ್ಲೂ ಪೌರುಷ ಎಂದರೆ ಮನುಷ್ಯನ ಪ್ರಯತ್ನ. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಸ್ವಲ್ಪ ಗೇಲಿಯ ಬಣ್ಣ ಹತ್ತಿತು. "ಉತ್ತರನ ಪೌರುಷ ಒಲೆ ಮುಂದೆ" ಎಂಬ ಗಾದೆಯಲ್ಲಿ ಉತ್ತರಕುಮಾರ ಹೆಂಗಸರ ನಡುವೆ ಕೊಚ್ಚಿಕೊಂಡು, ಯುದ್ಧಭೂಮಿ ಕಂಡು ರಥ ಬಿಟ್ಟು ಓಡಿದ ಕಥೆ ಇದೆ. "ನಿನ್ನ ಪೌರುಷ ಇಲ್ಲಿ ತೋರಿಸ್ಬೇಡ" ಎಂದರೆ ಹೊಗಳಿಕೆ ಅಲ್ಲ.

ವೀರ ಪದಕ್ಕೆ ದೂರದ ಬಂಧುಗಳಿದ್ದಾರೆ. ಲ್ಯಾಟಿನ್ನಿನಲ್ಲಿ ವಿರ್ ಎಂದರೆ ಗಂಡಸು. ವೀರ, ವಿರ್ ಎರಡೂ ಒಂದೇ ಮೂಲದವು. ಅಲ್ಲಿ ವಿರ್‌ನಿಂದ ಹುಟ್ಟಿದ ಪದ ಮೊದಲು ಶೌರ್ಯ ಎಂದಿದ್ದು, ಆಮೇಲೆ ಸದ್ಗುಣ ಎಂದು ಬೆಳೆಯಿತು. ಇಂಗ್ಲಿಷಿನ ವರ್ಚ್ಯೂ ಅದೇ. ನಮ್ಮ ಕಡೆ ವೀರನಿಂದ ವೀರ್ಯ ಹುಟ್ಟಿತು. ಮೊದಲು ಪರಾಕ್ರಮ ಎಂದು ಅರ್ಥ. ಈಗ ಆ ಪದವನ್ನು ಪರಾಕ್ರಮಕ್ಕೆ ಬಳಸಿ ನೋಡಿ, ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಲ್ಲಿ ಗುಣದ ಕಡೆಗೆ ಹೋದದ್ದು ಇಲ್ಲಿ ಮೈಯ ಕಡೆಗೆ ಇಳಿಯಿತು.

ಗಂಡಿಗೂ ಸುಮಾರಾಗಿ ಹಾಗೇ ಆಯಿತು. ಗುಣ, ದೇಹ ಎರಡೂ ಅರ್ಥಗಳು ಮೊದಲಿನಿಂದ ಜೊತೆಗೇ ಇದ್ದವು. ಆದರೆ ವಚನಗಳಿಗೆ ಬಂದರೆ ದೇಹದ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಜೇಡರ ದಾಸಿಮಯ್ಯ ಅದನ್ನು ಹಿಡಿದೇ ಮಾತಾಡುತ್ತಾನೆ: "ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ". ಗಡ್ಡ ಮೀಸೆ ಬಂದರೆ ಸಾಕು, ಗಂಡು. ಪಂಪನ ಭೀಮ ಪಟ್ಟ ಕಷ್ಟವೇ ಬೇಕಾಗಿಲ್ಲ. 12ನೆಯ ಶತಮಾನದ ಅಕ್ಕಮಹಾದೇವಿಯಲ್ಲಿ ಗಂಡ ಎಂದರೆ ಪತಿಯೇ. ಸಾವಿಲ್ಲದ, ಕೇಡಿಲ್ಲದ ಚೆಲುವನಿಗೆ ಒಲಿದವಳು "ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ" ಎನ್ನುತ್ತಾಳೆ. ರಾಜರ ಬಿರುದಿನಲ್ಲಿ ಮೆರೆಯುತ್ತಿದ್ದ ಪದ ಇಲ್ಲಿ ಒಲೆಗೆ ಹೋಗುತ್ತಿದೆ! ಹಾಗಂತ ಬಿರುದು ನಿಲ್ಲಲಿಲ್ಲ. ಬುಕ್ಕರಾಯ ಅಕ್ಕನಿಗಿಂತ ಇನ್ನೂರು ವರ್ಷ ಈಚೆಯವನು. ಮನೆಯಲ್ಲಿ ಒಂದು ಗಂಡ, ಕಲ್ಲಿನ ಮೇಲೆ ಒಂದು ಗಂಡ, ಎರಡೂ ಜೊತೆಗೇ ನಡೆದವು. ಕಲ್ಲು ಕೆತ್ತಿಸುವವರು ಇಲ್ಲವಾದ ಮೇಲೆ ಮನೆಯದು ಮಾತ್ರ ಉಳಿಯಿತು.

ಈಗಿನ ಗಂಡಸ್ತನದ ಪಾಡು ನೋಡಿ. ಮೆಜೆಸ್ಟಿಕ್ ಸುತ್ತಮುತ್ತಲ ಗೋಡೆಗಳ ಮೇಲಿನ ಪೋಸ್ಟರುಗಳು ಅದನ್ನು ಪುರುಷತ್ವ ಎಂದು ಕರೆದು ಗುಳಿಗೆಯಲ್ಲಿ ಮಾರುತ್ತವೆ. ಸಿಗ್ನಲ್ಲಿನಲ್ಲಿ ಬೈಕಿಗೆ ಬೈಕು ತಗುಲಿದರೆ "ಗಂಡಸಾಗಿದ್ರೆ ಇಳಿಯೋ" ಎಂಬ ಕೂಗು ಕೇಳುತ್ತದೆ. ಬಿದ್ದು ಮಂಡಿ ತರಚಿಕೊಂಡ ನಾಲ್ಕು ವರ್ಷದ ಹುಡುಗನಿಗೆ "ಗಂಡು ಹುಡ್ಗ ಅಳ್ತಾರಾ?" ಅಂತೀವಿ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಮ್ಮಿ ಕೂಲಿ ಎಂಬ ಲೆಕ್ಕ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಇಲ್ಲೆಲ್ಲ ಗಂಡು ಎಂಬುದು ಹುಟ್ಟುವಾಗಲೇ ಕೈಗೆ ಬಂದ ಹಕ್ಕುಪತ್ರ. ಗಂಡಿಗೆ ಬೆಲೆಯೇ ಇಲ್ಲದ ಜಾಗ ಪಪ್ಪಾಯಿ ತೋಟ ಒಂದೇ. ಗಿಡ ಗಂಡಾದರೆ ಹಣ್ಣು ಬಿಡುವುದಿಲ್ಲ ಎಂದು ಕಡಿದು ಹಾಕುತ್ತಾರೆ.

ಆದರೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಗಂಡೆದೆ ಎಂಬ ಪದದಲ್ಲಿ ಅದು ಗಟ್ಟಿಯಾಗಿ ಉಳಿದಿದೆ. ಚಿತ್ರದುರ್ಗದ ಓಬವ್ವನಿಗೆ, ಕಿತ್ತೂರಿನ ಚೆನ್ನಮ್ಮನಿಗೆ ಗಂಡೆದೆ ಎಂದು ಹೇಳಿದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಅದೇ ಗುಣವನ್ನು ಪಕ್ಕದ ಮನೆಯ ಹುಡುಗಿ ತೋರಿಸಿದರೆ ಗಂಡುಬೀರಿ ಎಂದುಬಿಡುತ್ತೇವೆ. ಪದಗಳಲ್ಲಿ ತಪ್ಪಿಲ್ಲ. ಸತ್ತವರಿಗೆ ಒಂದು, ಬದುಕಿರುವವರಿಗೆ ಒಂದು ಎಂದು ಎತ್ತಿಟ್ಟವರು ನಾವು.

ಇಷ್ಟನ್ನೂ ನಾನು ಅಕ್ಕನ ಮಗಳಿಗೆ ಹೇಳಲಿಲ್ಲ. ಪರೀಕ್ಷೆ ಹತ್ತಿರ ಇತ್ತು. "ಇಂಥವರ ಗಂಡ ಅಂದ್ರೆ ಇಂಥವರನ್ನ ಸೋಲಿಸಿದವನು, ಅಷ್ಟು ನೆನಪಿಟ್ಕೋ" ಅಂದೆ. ಅವಳು ನೋಟ್ಸಿನಲ್ಲಿ ಬರೆದುಕೊಂಡಳು. ರಾತ್ರಿ ಊಟ ಆದಮೇಲೆ ಎಲ್ಲರೂ ಚೌಕಾಬಾರ ಆಡಲು ಕೂತೆವು. ಎಂದಿನಂತೆ ನನ್ನ ಹೆಂಡತಿ ನನ್ನ ಕಾಯಿಗಳನ್ನು ಒಂದೊಂದಾಗಿ ಹೊಡೆದು, ಮೂರನೇ ಆಟವನ್ನೂ ಗೆದ್ದಳು. ಹುಡುಗಿ ಕವಡೆ ಎತ್ತಿಡುತ್ತಾ ತಣ್ಣಗೆ ಹೇಳಿದಳು: "ಹಾಗಾದ್ರೆ ಅತ್ತೆ, ನೀವು ಮಾಮನ ಗಂಡ."